ತಿಗಣೆ ಇರುವ ಒಂದೇ ಮನೆ

ದೊಡವಾಡದಲ್ಲಿ ತಿಗಣೆ ಇರುವುದು ಒಂದೇ ಮನೆಯಲ್ಲಿ. ಅದು ನನ್ನದು. ಕಾಲೇಜಿನ ಹುಡುಗಿಯೊಬ್ಬಳು ಹಾಗಂತ ಬರೆದುಕೊಂಡು ಹೋಗಿದ್ದಾಳೆ.

ಮೂಗು ಮುರಿಯುವವರು ಮುರಿಯಿರಿ. ಆದರೆ ಪೂರ್ತಿ ಓದಿ ಮುರಿಯಿರಿ.

ಹೋದ ವಾರ ಬೈಲಹೊಂಗಲದಿಂದ ಬಂದಳು ಆಕೆ. ಕೈಯಲ್ಲಿ ಮೊಬೈಲು, ಚೀಲದಲ್ಲಿ ಸಣ್ಣ ಸಣ್ಣ ಬಾಟಲಿ. ಹೋಗಿಯೇಬಿಟ್ಟಿದ್ದ ತಿಗಣೆ ಮತ್ತೆ ಎಲ್ಲೆಲ್ಲಿ ಬಂದಿದೆ ಎಂದು ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿ ಮನೆಮನೆ ಕೇಳುವುದು ಅವಳ ಪ್ರಾಜೆಕ್ಟ್. ನಮ್ಮ ಓಣಿಯಲ್ಲಿ ಎಲ್ಲರೂ ಇಲ್ಲ ಅಂದರು. ನಾನು “ಅದಾವ, ಬಾ ಒಳಗ” ಎಂದು ಹೊರಸಿನ, ಅದೇ ಹಗ್ಗದ ಮಂಚದ, ಸಂದಿ ತೋರಿಸಿದೆ. ನಾಲ್ಕು ಹಿಡಿದು ಬಾಟಲಿಗೆ ಹಾಕಿಕೊಂಡಳು.

ಯಾಕೆ ಹೇಳಿದೆ? ಮೊಮ್ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಾಳೆ. ಆ ಹೊರಸಿನ ಮೇಲೆ ಕೂಸು ಮಲಗಬೇಕು. ಅಂಗಡಿಯ ಔಷಧ ಎರಡು ಸಲ ಹೊಡೆದಿದ್ದೆ. ತಿಗಣೆ ಸಾಯಲಿಲ್ಲ, ನನಗೆ ಕೆಮ್ಮು ಬಂತು.

“ಈಗಿನವು ಆ ಔಷಧಕ್ಕ ಬಗ್ಗೂದಿಲ್ಲ ಅಜ್ಜಿ,” ಅಂದಳು ಹುಡುಗಿ. “ಕುದಿಯೋ ನೀರು ಹಾಕ್ರಿ. ಆದ್ರ ನಿಮಗೂ ಬಾಜೂದವ್ರಿಗೂ ಒಂದ ಗ್ವಾಡಿ ಐತಿ. ಅವ್ರೂ ಕೂಡೇ ಮಾಡ್ಲಿಲ್ಲಂದ್ರ ಅಲ್ಲಿವು ಮತ್ತ ಇಲ್ಲಿಗೆ ಬರ್ತಾವ.”

ಬಾಜೂ ಮನೆಯ ಶಾಂತವ್ವನ ಬಳಿ ಹೋದೆ.

“ನಮ್ಮಲ್ಲಿ ಎಲ್ಲೀವು ಬೇ? ನಮ್ಮದು ಟೈಲ್ಸ್ ಮನಿ.”

“ಟೈಲ್ಸ್ ಮ್ಯಾಲೆ ಜಾರಿ ಬೀಳ್ತಾವೇನು?”

ಅವಳ ಮಂಚದ ಮೇಲೆ ಕುಳಿತೆ. ಚಹಾ ಮುಗಿಯುವುದರೊಳಗೆ ಮೊಣಕಾಲ ಮೇಲೆ ಒಂದು ಹರಿಯಿತು. ಎರಡು ಬೆರಳಲ್ಲಿ ಹಿಡಿದು ತೋರಿಸಿದೆ.

“ಅದು ನಿಮ್ಮ ಸೀರ್ಯಾಗ ಬಂದದ್ದು,” ಅಂದಳು.

(ಎಮ್ಮೆಗಾದರೆ ಯಾರದೆಂದು ತಿಳಿಯಲು ಕಿವಿಯಲ್ಲಿ ಬಿಲ್ಲೆ ಇರುತ್ತದೆ.)

ನಾನು ಸಣ್ಣವಳಿದ್ದಾಗ ಇಡೀ ಓಣಿಯ ಹೊರಸುಗಳು ಒಂದೇ ದಿನ ಬಿಸಿಲಿಗೆ ಬೀಳುತ್ತಿದ್ದವು. ಯಾರೂ ನಾಚುತ್ತಿರಲಿಲ್ಲ. ಆಮೇಲೆ ಡಿಡಿಟಿ ಪುಡಿ ಬಂತು, ತಿಗಣೆ ಹೋಯಿತು, ನಾಚಿಕೆ ಬಂತು. ಈಗ ತಿಗಣೆ ವಾಪಸ್ ಬಂದಿದೆ. ನಾಚಿಕೆ ಮಾತ್ರ ಜಾಗ ಬಿಡುತ್ತಿಲ್ಲ.

ಶಾಂತವ್ವನ ತವರು ರಾಮದುರ್ಗ. ಮೊಮ್ಮಗಳನ್ನು ಕೊಟ್ಟದ್ದೂ ಅಲ್ಲಿಗೇ. ಸುದ್ದಿ ಬಸ್ಸಿಗಿಂತ ಬೇಗ ಮುಟ್ಟಿತ್ತು. ಮರುದಿನವೇ ಮೊಮ್ಮಗಳ ಅತ್ತೆಯ ಫೋನು.

“ಬೀಗತ್ಯಾರ, ಇಡೀ ಊರಾಗ ನಿಮ್ಮ ಒಂದ ಮನ್ಯಾಗ ತಗಣಿ ಅದಾವಂತಲ್ರಿ. ಬಸುರೀನ ಹೆಂಗ ಕಳಸೂನು?”

ನನ್ನ ಸೊಸೆ, ಅಂದರೆ ಮೊಮ್ಮಗಳ ತಾಯಿ, ಮಾತು ಬಿಟ್ಟಳು. ಖರೆ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು.

ಮತ್ತೆ ಶಾಂತವ್ವನ ಬಾಗಿಲಿಗೆ ಹೋದೆ. “ಆತು, ಅವು ನನ್ನ ಮನೀವೇ. ಅಲ್ಲಿಂದ ನಿಮ್ಮ ಮನಿಗೆ ಬಂದಾವ. ನನ್ನ ಸಲುವಾಗಿ ನಿನ್ನ ಹಾಸಿಗಿ ಹೊರಗ ಹಾಕು.”

ಅವಳ ಮುಖ ಅರಳಿತು. ಮರುದಿನ ನನಗಿಂತ ಮೊದಲು ಅವಳ ಹಂಡೆ ಕುದಿಯುತ್ತಿತ್ತು. ಬಿಸಿಲೇರುವುದರೊಳಗೆ ಓಣಿಯ ತುಂಬಾ ಹೊರಸು, ಗಾದಿ, ಕೌದಿ. ಕೇಳಿದವರಿಗೆಲ್ಲ ಒಂದೇ ಉತ್ತರ: “ಆ ಅಜ್ಜೀ ಮನೀ ತಗಣಿ.” ನಾನೂ ಹೂಂ ಅಂದೆ. ಆ ಹುಡುಗಿ ಮತ್ತೆ ಬಂದಾಳೆಂದು ಹೆದರಿದ್ದೆ. ಬರೆದುಕೊಳ್ಳಲು ನಿಂತಿದ್ದರೆ ಅಷ್ಟೂ ಹೊರಸು ಒಳಗೆ ಹೋಗುತ್ತಿದ್ದವು.

ಇವತ್ತಿಗೆ ಮೂರು ದಿನ. ಬೆಳಿಗ್ಗೆ ಎದ್ದು ಬ್ಯಾಟರಿ ಹಿಡಿದು ಸಂದಿ ನೋಡುತ್ತೇನೆ. ಮಧ್ಯಾಹ್ನ ಮತ್ತೆ ನೋಡುತ್ತೇನೆ. ಇನ್ನೂ ಒಂದೂ ಕಂಡಿಲ್ಲ. ತತ್ತಿ ಎಲ್ಲಿ ಕೂತಿವೆಯೋ, ನಂಬಿಕೆ ಇಲ್ಲ. ಇನ್ನೊಂದು ಸಲ ನೀರು ಕಾಸಬೇಕು.

ನಿನ್ನೆ ಬೀಗತಿಗೆ ಫೋನು ಹಚ್ಚಿದೆ. “ನೋಡೂಣು ತಡೀರಿ,” ಅಂದಳು.

“ಕಾಲೇಜಿನವರು ನಿಮ್ಮ ಮನಿಗೂ ತಗಣಿ ಕೇಳಾಕ ಬಂದಿದ್ರೇನ್ರಿ?”

“ಬಂದಿದ್ರು. ಇಲ್ಲ ಅಂತ ಹೇಳಿ ಕಳಿಸೇವಿ.”

ಆಮೇಲೆ ಮೊಮ್ಮಗಳು ಫೋನು ತೆಗೆದುಕೊಂಡಳು. “ಅಜ್ಜಿ, ಮೈಯೆಲ್ಲಾ ದದ್ದು ಎದ್ದಾವು. ಸೊಳ್ಳಿ ಅಂತಾರ ಇಲ್ಲೆ,” ಎಂದು ಮೆಲ್ಲಗೆ ಹೇಳಿದಳು.

ಈಗ ನೀವೇ ಹೇಳಿ, ತುಂಬು ಬಸುರಿಯನ್ನು ಇಡಬಾರದ ಮನೆ ಯಾವುದು?