ನಂಜಮ್ಮನ ಸುತ್ತು, ಪ್ರಸಾದನ ಫಜ್

ಬೆಳಿಗ್ಗೆ ಆರು ಗಂಟೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಿಟ್ಟಿನ ಗಿರಣಿ ಇನ್ನೂ ಶುರುವಾಗಿಲ್ಲ. ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸ್ವೆಟರ್ ತೊಟ್ಟ ನಂಜಮ್ಮ ತೊಡೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ಮಲಗಿಸಿಕೊಂಡು ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುತ್ತಿದ್ದಾರೆ. ಅವರಿಗೆ ಗಿಟಾರ್ ನುಡಿಸಲು ಬರುವುದಿಲ್ಲ. ಗಿರಣಿ ಶುರುವಾದರೆ ಅದರ ಗುಂಯ್ ಸದ್ದು ಗಿಟಾರಿನೊಳಗೂ ನುಗ್ಗುತ್ತದೆ. ಎಂಟರೊಳಗೆ ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಬೇಕು.

"ಬರೀ ಕೆಸರು ಮಾರಾಯ," ಎಂದು ಎದುರಿಗೆ ಕೂತ ಪ್ರಸಾದನನ್ನು ಗದರುತ್ತಾರೆ. ಪ್ರಸಾದ ಕಳಸದ ಶಾಲಾ ಮೇಷ್ಟ್ರು, ರಜಾ ದಿನಗಳಲ್ಲಿ ಆರ್ಕೆಸ್ಟ್ರಾದ ಗಿಟಾರ್ ವಾದಕ. "ಕಳೆದ ಸಲ ಕೆಟ್ಟದ್ದು ನನ್ನ ಫಜ್. ತಪ್ಪು ನನ್ನದು. ಶಿಕ್ಷೆ ಪಿಕಪ್‌ಗೆ ಯಾಕೆ ಕೊಟ್ಟಿರಿ?" ಎನ್ನುತ್ತಾರೆ ನಂಜಮ್ಮ.

ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂತಿರುವ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ. ಫಜ್ ಎಂದರೆ ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ. ನಾದವನ್ನು ಬೇಕೆಂದೇ ಹರಿದು ಒರಟಾಗಿಸುತ್ತದೆ. ಎರಡೂ ಹೊಂದಬೇಕು. ಹೊಂದದಿದ್ದರೆ ಎಷ್ಟು ಒಳ್ಳೆಯ ಗಿಟಾರಾದರೂ ಕೆಸರಲ್ಲಿ ಕಾಲಿಟ್ಟ ಹಾಗೆ.

ಡಿಸೆಂಬರ್‌ನಲ್ಲಿ ಆದದ್ದನ್ನು ನಂಜಮ್ಮ ಮುಚ್ಚಿಡುವುದಿಲ್ಲ. ಹಳೆಯ ರೇಡಿಯೊಗಳಿಂದ ಕಿತ್ತು ಫಜ್‌ಗೆ ಹಾಕುವ ಟ್ರಾನ್ಸಿಸ್ಟರ್‌ಗಳು ಶಾಖಕ್ಕೆ ಹದ ತಪ್ಪುತ್ತವೆ. ಬೆಳಗಿನ ಚಳಿಯಲ್ಲಿ ಹೊಂದಿಸಿ ಕೊಟ್ಟ ಡಬ್ಬಿ ಕಳಸದ ವೇದಿಕೆಯಲ್ಲಿ ದೀಪಗಳ ಬಿಸಿಗೆ ಎರಡನೇ ಹಾಡಿನಲ್ಲೇ ಉಸಿರುಗಟ್ಟಿತು. ಜನ ಕೂಗಿ ಪ್ರಸಾದನನ್ನು ವೇದಿಕೆಯಿಂದ ಇಳಿಸಿದರು. ಪಿಕಪ್‌ನದೇ ತಪ್ಪೆಂದು ಪ್ರಸಾದ ಬೆಂಗಳೂರಿನಿಂದ ಭಾರಿ ಜೋರಿನ ಇನ್ನೊಂದನ್ನು ತಂದು ಹಾಕಿಕೊಂಡರು. ಈಗ ಅದೂ ಇಲ್ಲ, ಇದೂ ಇಲ್ಲ. ಈ ಭಾನುವಾರ ಕಳಸದ ಕಾರ್ಯಕ್ರಮವೂ ಕೆಟ್ಟರೆ ಗಿಟಾರೇ ಬೇಡ, ಅದರ ಭಾಗವನ್ನೂ ಕೀಬೋರ್ಡಿನಲ್ಲೇ ಬಾರಿಸುತ್ತೇವೆ ಎಂದು ಆರ್ಕೆಸ್ಟ್ರಾದ ಯಜಮಾನ ವೆಂಕಟರಾಮ ಹೇಳಿಬಿಟ್ಟಿದ್ದಾರೆ.

ನಂಜಮ್ಮನಿಗೆ ಈಗ ನಲವತ್ತೆಂಟು. ಮದುವೆಯಾಗಿ ಬಂದ ವರ್ಷವೇ ಗಂಡ ಜಯದೇವಪ್ಪನವರ ಜೊತೆ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಲು ಕೂತರು. ಮೋಟಾರ್ ಸುಟ್ಟ ದಿನ ಎಸ್ಟೇಟಿನ ಲೆಕ್ಕ ನೋಡುವ ರೈಟರುಗಳು ಇವರ ಬಾಗಿಲಲ್ಲಿ ನಿಲ್ಲುತ್ತಾರೆ. ಸರಿಯಾದ ಮೇಲೆ 'ಜಯದೇವಪ್ಪನವರ ಕೈಗುಣ' ಅನ್ನುತ್ತಾರೆ. ಕೈ ಯಾರದು ಎಂದು ನೋಡುವ ವ್ಯವಧಾನ ಒಬ್ಬರಿಗೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಯಾರೋ ಎಳೆ ಕಡಿದ ಪಿಕಪ್ ತಂದಾಗ ಜಯದೇವಪ್ಪ ಕನ್ನಡಕ ಹುಡುಕಿ ಸೋತರು, ನಂಜಮ್ಮ ಸುತ್ತಿ ಕೊಟ್ಟರು. ಅಂದಿನಿಂದ ಅರವತ್ತಕ್ಕೂ ಹೆಚ್ಚು ಪಿಕಪ್ ಸುತ್ತಿದ್ದಾರೆ.

"ನಂದು ತಿರುಗಿದ್ರೆ ಸಾಕು. ಇವಳದ್ದು ಅಳ್ಬೇಕು, ಕಿರುಚ್ಬೇಕು," ಎಂದು ಜಯದೇವಪ್ಪ ನಗುತ್ತಾರೆ.

"ನಿಮ್ಮದೂ ಕಿರುಚುತ್ತೆ, ಬೇರಿಂಗ್ ಹೋದಾಗ," ಎನ್ನುತ್ತಾರೆ ನಂಜಮ್ಮ, ತಲೆ ಎತ್ತದೆ.

ಸುತ್ತುವ ಯಂತ್ರ ಹಳೆಯ ಹೊಲಿಗೆ ಮೆಷಿನ್ನಿನಿಂದ ಮಾಡಿದ್ದು. ಸುತ್ತು ಎಣಿಸಲು ಟೇಪ್‌ರೆಕಾರ್ಡರಿನ ಮೂರಂಕಿಯ ಕೌಂಟರ್. ಸಾವಿರ ತುಂಬಿ ಸೊನ್ನೆಗೆ ಬಂದಾಗಲೆಲ್ಲ ತಟ್ಟೆಗೆ ಒಂದು ಕಾಫಿ ಬೀಜ ಹಾಕುತ್ತಾರೆ. ಎಲ್ಲರೂ ಸುತ್ತು ಜಾಸ್ತಿ ಮಾಡಿ ಎಂದು ಕೇಳುತ್ತಾರೆ. ನಂಜಮ್ಮ ಒಪ್ಪುವುದಿಲ್ಲ. "ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸ್ತಾರಾ? ಫಜ್ ತಾನೇ ಜೋರು. ಪಿಕಪ್ ಸ್ವಲ್ಪ ಹಸಿದಿರ್ಬೇಕು."

ಬೆಂಗಳೂರಿನದನ್ನು ಕಳಚಿ, ಪ್ರಸಾದನ ಹಳೆಯ ಪಿಕಪ್ಪನ್ನೇ ಎಂಟು ಸಾವಿರದ ಬದಲು ಆರೂವರೆ ಸಾವಿರಕ್ಕೆ ಸುತ್ತುತ್ತಾರೆ. ಇಪ್ಪತ್ತಮೂರು ಟ್ರಾನ್ಸಿಸ್ಟರ್‌ಗಳಲ್ಲಿ ಎರಡನ್ನು ಆರಿಸುತ್ತಾರೆ. ಈ ಸಲ ಚಳಿಯಲ್ಲಿ ಕೇಳಿ ಬಿಡುವುದಿಲ್ಲ. ಡಬ್ಬಿಯನ್ನು ನೂರು ವ್ಯಾಟಿನ ಬಲ್ಬಿನ ಕೆಳಗೆ ಅರ್ಧ ಗಂಟೆ ಇಟ್ಟು ಮತ್ತೆ ಕೇಳುತ್ತಾರೆ. ಕೊನೆಗೆ ಹೊರಗಿನಿಂದಲೇ ತಿರುಗಿಸುವ ಒಂದು ಸಣ್ಣ ಗುಂಡಿ ಕೂರಿಸಿ, ಉಗುರುಬಣ್ಣದಲ್ಲಿ ಎರಡು ಗೀಟು ಎಳೆಯುತ್ತಾರೆ.

"ಇದು ಚಳಿಗೆ, ಇದು ದೀಪಕ್ಕೆ. ಗಿಟಾರಿನ ವಾಲ್ಯೂಮ್ ಇಳಿಸಿದ್ರೆ ಒರಟು ತಾನಾಗೇ ಹೋಗಿ ಶುದ್ಧ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಜೋಡಿ ಕೂಡಿಲ್ಲ ಅಂತ."

"ಅಲ್ಲಿ ಕೈಕೊಟ್ರೆ?"

"ನಾನೇ ಬರ್ತೇನೆ. ಬೈಯೋರು ನನ್ನನ್ನೇ ಬೈಲಿ."

ಭಾನುವಾರ ಸಂಜೆ, ಕಳಸ. ನಂಜಮ್ಮ ಕುರ್ಚಿ ಬೇಡವೆಂದು ಸ್ಪೀಕರಿನ ಪಕ್ಕ ಕೈಕಟ್ಟಿ ನಿಂತಿದ್ದಾರೆ. ಎರಡನೇ ಹಾಡು ದಾಟುತ್ತದೆ. ಐದನೆಯದರಲ್ಲಿ ಪ್ರಸಾದ ಬಗ್ಗಿ ಗುಂಡಿಯನ್ನು ಎರಡನೇ ಗೀಟಿಗೆ ತಿರುಗಿಸುತ್ತಾರೆ. ಗಿಟಾರ್ ಗುಡುಗುತ್ತದೆ. ವಾಲ್ಯೂಮ್ ಇಳಿಸಿದಾಗ ಅದೇ ಗಿಟಾರ್ ಗಾಜಿನ ಲೋಟ ತಟ್ಟಿದಷ್ಟು ಶುದ್ಧ. ಜನ ಇನ್ನೊಮ್ಮೆ ಎನ್ನುತ್ತಾರೆ.

ಮುಗಿದ ಮೇಲೆ ವೆಂಕಟರಾಮ ವೈರು ಸುತ್ತುತ್ತಾ, "ಮೇಷ್ಟ್ರೇ, ಮುಂದಿನ ತಿಂಗಳು ಬಾಳೆಹೊನ್ನೂರು. ಗಿಟಾರ್ ಮರೀಬೇಡಿ," ಎಂದಷ್ಟೇ ಹೇಳುತ್ತಾರೆ. ಪ್ರಸಾದ ಓಡಿ ಬಂದು ಕೇಳುತ್ತಾರೆ: "ನಂಜಮ್ಮನವ್ರೇ, ಕೊನೇ ಹಾಡು ಹ್ಯಾಗಿತ್ತು?"

"ಯಾವ ಹಾಡೋ, ನಂಗೊತ್ತಿಲ್ಲ," ಎನ್ನುತ್ತಾರೆ ಅವರು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ. "ನಾನು ಕೇಳ್ತಾ ಇದ್ದದ್ದು ಎರಡನೇ ಟ್ರಾನ್ಸಿಸ್ಟರನ್ನ. ಅದು ಕೊನೇತನಕ ನಿಯತ್ತಾಗಿತ್ತು."