ದೊಡ್ಡಪ್ಪನ ತಲೆ ಮೇಲೆ ಅಕ್ಕನ ಕೈ

ಇವತ್ತು ನಾರಾಯಣಖೇಡದ ನಮ್ಮ ಹೊಲದಲ್ಲಿ ಜೋಳದ ಕೂಳೆ ಕಿತ್ತ ಮಣ್ಣಿನ ವಾಸನೆಗೆ ಅವ್ವ ನೆನಪಾದಳು.

ಅವ್ವ ಬುದ್ಧಿ ನಿಧಾನಕ್ಕೆ ಬೆಳೆಯುವ ಮಕ್ಕಳ ಟೀಚರ್ ಆಗಿದ್ದಳು. ನನ್ನ ಅಕ್ಕನೂ ಅಂಥ ಮಗುವೇ. ಹೈದರಾಬಾದಿನಲ್ಲಿ ಟ್ರೇನಿಂಗ್ ಮಾಡುವಾಗ ಅವ್ವನಿಗೆ ಗಾಲ್ಫ್ ಹುಚ್ಚು ಹತ್ತಿತ್ತು. ಸುಗ್ಗಿ ಮುಗಿದ ಹೊಲವೇ ಮೈದಾನ, ಹೂತಿಟ್ಟ ಎಣ್ಣೆ ಡಬ್ಬಿಯೇ ಕುಳಿ. ಸೆರಗು ಸಿಗಿಸಿ, ಅಕ್ಕನ ತಲೆ ಮೇಲೆ ಅಂಗೈ ಒತ್ತಿ, "ತಲಿ ಎತ್ತಬ್ಯಾಡ, ಚೆಂಡು ನೋಡು" ಅನ್ನುತ್ತಿದ್ದಳು.

ಒಂದಿನ ದೊಡ್ಡಪ್ಪ ಬದುವಿನ ಮೇಲೆ ನಿಂತು ಅಕ್ಕನನ್ನು ನೋಡಿ ನಕ್ಕರು. "ಈ ಹುಚ್ಚಿಗಿ ಸಾಹೇಬರ ಆಟ ಯಾಕವಾ?"

ಅವ್ವ ಗಾಲ್ಫ್ ಕೋಲು ಚಾಚಿದಳು. "ನೀವೇ ಒಮ್ಮೆ ಹೊಡೀರಿ, ಭಾವಾರ."

ದೊಡ್ಡಪ್ಪ ತಲೆ ಎತ್ತಿ ಬೀಸಿದರು. ಚೆಂಡು ಅಲುಗಲೂ ಇಲ್ಲ. ಅಕ್ಕ ಓಡಿಹೋಗಿ ಅವರ ತಲೆಯನ್ನು ರುಮಾಲಿನ ಸಮೇತ ಕೆಳಗೆ ಒತ್ತಿದಳು. ನಮ್ಮಲ್ಲಿ ಹಿರಿಯರ ಕಾಲು ಮುಟ್ಟುತ್ತಾರೆ, ತಲೆಯಲ್ಲ.

"ಕೈ ತಗೀ ಅನ್ನು ನಿನ್ನ ಮಗಳಿಗೆ!"

"ಆಕಿ ನಿಮಗ ಕಲಿಸಾಕತ್ಯಾಳ್ರಿ," ಅಂದಳು ಅವ್ವ. "ತಲಿ ಎತ್ತಬ್ಯಾಡ್ರಿ."

ಇವತ್ತು ಅದೇ ಹೊಲದಲ್ಲಿ ಅಕ್ಕ ಚೆಂಡಿನ ಮುಂದಿದ್ದ ನನ್ನ ಮಗಳ ತಲೆ ಒತ್ತಿ ನಿಂತಿದ್ದಳು. ಬದುವಿನ ಮೇಲೆ ಯಾರೋ ನಕ್ಕರು.

ಕೋಲು ಹಿಡಿದು ಅವರ ಹತ್ತಿರವೇ ಹೋದೆ. "ಬರ್ರಿ, ಒಮ್ಮೆ ಹೊಡೀರಿ. ಕಲಿಸಾಕ ನಮ್ಮಕ್ಕ ಅದಾಳ."