ಬಂಡೆಯ ಮೇಲೆ ನಿಂತಿದ್ದವಳಿಗೆ

ರೇಣುಕಾ, ಅವತ್ತು ಸೈರನ್ ನನಗೆ ಕೇಳಿಸಿತ್ತು. ಕೇಳಿಸಿಯೂ ನಾನು ಕೈ ಎತ್ತಲಿಲ್ಲ.

ಇಷ್ಟು ವರ್ಷ ನೀನು ನಂಬಿಕೊಂಡು ಬಂದದ್ದು ಬೇರೆ. ನಂಬಿಸಿದವಳು ನಾನು.

ರೇಡಿಯೋ, ಟಿವಿ ಪ್ರಸಾರದ ಕೋರ್ಸಿನ ಕೊನೆಯ ವರ್ಷ. ಹೈದರಾಬಾದಿನ ಆ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ — ಗದ್ವಾಲಿನ ನೀನು, ಮಕ್ತಲ್‌ನ ನಾನು. ನದಿಯ ಬಗ್ಗೆ ರೇಡಿಯೋ ಕಾರ್ಯಕ್ರಮ ಮಾಡಲು ನಿಮ್ಮೂರಿಗೆ ಬಂದಿದ್ದೆವು. ಹಿನ್ನೆಲೆಯ ಸಹಜ ಶಬ್ದಕ್ಕೆ ಬೇರೆಯೇ ಅಂಕಗಳಿದ್ದವು. ಅಣೆಕಟ್ಟಿನ ಕೆಳಗೆ, ಕೃಷ್ಣೆಯ ನಡುವಿನ ಬಂಡೆಯ ಮೇಲೆ ನೀನು ನಿಂತೆ, ಕೊರಳಲ್ಲಿ ಪುಟ್ಟ ಮೈಕು. ನಾನು ದಡದಲ್ಲಿ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಇನ್ನೊಂದು ಮೈಕು. ನಮಗೆ ಕಲಿಸಿದ್ದ ಪದ್ಧತಿ ನಿನಗೂ ಗೊತ್ತು: ಮಾತಾಡುವವಳು ಮಾತಿನ ಮೇಲಷ್ಟೇ ಗಮನವಿಡಬೇಕು, ಉಳಿದದ್ದೆಲ್ಲ ಹೆಡ್‌ಫೋನ್ ಹಾಕಿದವಳ ಜವಾಬ್ದಾರಿ, ಅವಳು ಕೈ ಎತ್ತುವವರೆಗೆ ನಿಲ್ಲಿಸಬಾರದು.

ನೀನು ನಿಲ್ಲಿಸಲಿಲ್ಲ.

ನೀರು ಬಿಡುವ ಮುಂಚಿನ ಆ ಸೈರನ್ — ನಿನ್ನ ಸುತ್ತ ನೀರಿನ ಭೋರ್ಗರೆತವಿತ್ತು, ನಿನಗೆ ಕೇಳಿಸುವಂತಿರಲಿಲ್ಲ. ನನಗೆ ಕೇಳಿಸಿತು, ಕೈಯ ಮೈಕಿನಿಂದ ಹೆಡ್‌ಫೋನಿಗೆ, ಬರಿಯ ಕಿವಿಗಿಂತ ಚೆನ್ನಾಗಿ. ಅದರ ಅರ್ಥವೂ ಗೊತ್ತಿತ್ತು. ಆದರೆ ನಾನು ಮಾಡಿದ್ದೇನು? ಮೈಕನ್ನು ಅಣೆಕಟ್ಟಿನ ಕಡೆ ತಿರುಗಿಸಿದೆ. ನಿನ್ನ ದನಿಯ ಹಿಂದೆ ಆ ಕೂಗು ಎಷ್ಟು ಚೆನ್ನಾಗಿ ಕೂತಿತ್ತೆಂದರೆ — ಇನ್ನೊಂದು ವಾಕ್ಯ, ಅಂದುಕೊಂಡೆ. ಆಮೇಲೆ ಇನ್ನೊಂದು.

ನೀರು ನಿನ್ನ ಮೊಣಕಾಲಿಗೆ ಬಂದಾಗ ನನಗಿಂತ ಮೊದಲು ಓಡಿದ್ದು ದಡದಲ್ಲಿ ಕುರಿ ಮೇಯಿಸುತ್ತಿದ್ದ ಆ ಕಾಕಾ. ಅವರು ಮರದಿಂದ ಸೊಪ್ಪು ಇಳಿಸುವ ಉದ್ದನೆಯ ದೋಟಿ ಚಾಚಿದರು. ನಾನು ಅವರ ನಡು ಹಿಡಿದುಕೊಂಡೆ. ನೀನು ಜಾರಿದೆ, ಮುಳುಗಿದೆ, ಮತ್ತೆ ದೋಟಿ ಸಿಕ್ಕಿತು. ಈಗಲೂ ದಿನಕ್ಕೊಮ್ಮೆ ಎಲ್ಲವೂ ಕಣ್ಣೆದುರು ಮೊದಲಿನಿಂದ ನಡೆಯುತ್ತದೆ, ನೀನು ದಡದಲ್ಲಿ ಕವುಚಿ ಬಿದ್ದು ಕೆಮ್ಮುವವರೆಗೂ. ಆ ಕೆಮ್ಮು ಬಂದರೆ ನನಗೂ ಉಸಿರು ಬರುತ್ತದೆ. ಬದುಕಿದ್ದೀಯ — ಇಷ್ಟು ವರ್ಷಗಳಾದರೂ ಪ್ರತಿ ಸಲ ಅದೇ ನೆಮ್ಮದಿ.

ಕಾಕಾ ನನ್ನ ಕಡೆ ತಿರುಗಿದ್ದರು. “ಏನವ್ವಾ, ಸೈರನ್ ಅಷ್ಟು ಹೊಯ್ಕೊಂತಿತ್ತು, ಕೇಳಿಲ್ಲೇನು? ನನ್ನ ಕುರಿಗೋಳು ಎಂದೋ ಮ್ಯಾಲ ಏರ್ಯಾವು. ಅವು ನಿಮ್ಮಂಗ ಕಾಲೇಜ್ ಕಲ್ತಿಲ್ಲ ನೋಡು!”

ನೀನು ನಡುಗುತ್ತಲೇ ಅಂದೆ, “ಅಕಿಗಿ ಬೈಬ್ಯಾಡ್ರಿ ಕಾಕಾ. ಅಕಿ ಕಿವ್ಯಾಗ ನನ್ನ ಮೈಕಿನ ನೀರಿನ ಸಪ್ಪಳss ತುಂಬಿತ್ತು. ತಪ್ಪು ನಂದೈತಿ, ನಾನss ಅಷ್ಟು ದೂರ ಹೋಗಿದ್ದೆ.”

“ಹೌದ್ರಿ, ಕೇಳಲಿಲ್ಲ,” ಅಂದುಬಿಟ್ಟೆ.

ಕಾಲೇಜಿನ ನಮ್ಮ ವಿಭಾಗದಲ್ಲೂ ನೀನು ಅದನ್ನೇ ಹೇಳಿದೆ. ನಾನು ಪಕ್ಕದಲ್ಲೇ ನಿಂತು ತಲೆ ತಗ್ಗಿಸಿದ್ದೆ. ಎಚ್ಚರವಿಲ್ಲದ ಹುಡುಗಿ ಎಂದು ಆಮೇಲೆ ನಿನ್ನನ್ನು ಹೊರಗಿನ ಧ್ವನಿಮುದ್ರಣಕ್ಕೆ ಕಳಿಸಲೇ ಇಲ್ಲ. ಊರೂರು ತಿರುಗಿ ಜನರ ಮಾತು ಹಿಡಿಯಬೇಕೆಂದು ಬಂದವಳು ಸ್ಟುಡಿಯೋದ ಗಾಜಿನ ಹಿಂದೆ ಕೂತೆ. ನಿನ್ನ ಜಾಗಕ್ಕೆ ಹೋದವಳು ನಾನು. ಇನ್ನೊಂದು ಮಾತು — ಕಾರ್ಯಕ್ರಮ ಒಪ್ಪಿಸುವ ಮುಂಚೆ ಆ ಸೈರನ್ನನ್ನು ನಾನು ಕತ್ತರಿಸಿ ತೆಗೆದಿದ್ದೆ. ಯಾವುದಕ್ಕಾಗಿ ನಿನ್ನನ್ನು ನೀರಿನಲ್ಲಿ ನಿಲ್ಲಿಸಿದ್ದೆನೋ, ಅದನ್ನೇ.

ಮೊನ್ನೆ ನೀನು ಫೋನಿನಲ್ಲಿ ಖುಷಿಯಿಂದ ಹೇಳಿದೆ: “ನಮ್ಮ ಕೋರ್ಸಿನ ಹೊಸ ಹುಡುಗ್ರಿಗಿ ಪಾಠ ಮಾಡಾಕ ಕರ್ದಾರ. ಮೊದಲ್ನೇ ದಿನ ನನ್ನ ತಪ್ಪಿನ ಕಥೀನss ಹೇಳ್ತೀನಿ, ನಗ್ಲಿ ಬಿಡು.”

ನಗು ಬರಲಿಲ್ಲ ನನಗೆ. ಅದು ನಿನ್ನ ತಪ್ಪಲ್ಲ ರೇಣುಕಾ. ಯಾವತ್ತೂ ಆಗಿರಲಿಲ್ಲ. ಇಷ್ಟನ್ನು ಬರೆದ ಮೇಲೆ ಎದೆಯ ಮೇಲಿನ ಭಾರ ಇಳಿದಿದೆ. ಆ ನೆಮ್ಮದಿ ನನಗೆ ಸಲ್ಲುತ್ತದೋ ಇಲ್ಲವೋ ಗೊತ್ತಿಲ್ಲ.

ಇದನ್ನು ಓದಿದ ಮೇಲೆ ನೀನು ಮಾತು ಬಿಟ್ಟರೂ ನಿನ್ನ ಪಾಠದ ಆ ಮೊದಲ ದಿನ ನಾನು ಬರುತ್ತೇನೆ. ನೀನು ಕಥೆ ಶುರು ಮಾಡುವ ಮೊದಲು ಎದ್ದು ನಿಂತು, ಆ ಹುಡುಗರೆದುರು ನನ್ನ ಹೆಸರು ಹೇಳುತ್ತೇನೆ.